ಭೂಮವ್ವ ಉಂಡರ ನಾವೂ ಉಂಡೇವು

ಬನ್ನಿ, ಹತ್ತಿರ ಬನ್ನಿ. ಹಿಂದೆ ಕೂತವರು ಮುಂದೆ ಬನ್ನಿ. ಮುಂದೆ ಕೂತವರು ಗಲಾಟೆ ಮಾಡಬೇಡಿ. ಕಥೆ ಶುರು ಆಯಿತು.

ಒಂದು ಊರು. ಕರಿ ಮಣ್ಣಿನ ಊರು. ಆ ಊರಲ್ಲಿ ದ್ಯಾಮಿ ಅಂತ ಒಬ್ಬಳು ಹುಡುಗಿ. ಎಷ್ಟು ದೊಡ್ಡವಳು? ನಿಮ್ಮಷ್ಟೇ. ಅವಳಿಗೆ ಮುಂದಿನ ಎರಡು ಹಲ್ಲು ಬಿದ್ದಿದ್ದವು. ಅವಳಿಗೊಬ್ಬಳು ಆಯಿ. ಆಯಿ ಅಂದರೆ ಅಜ್ಜಿ. ಆಯಿಗೆ ಹಲ್ಲೇ ಇರಲಿಲ್ಲ. ಇಬ್ಬರಿಗೂ ಮೆತ್ತಗಿನದು ಇಷ್ಟ. ಮೆತ್ತಗಿನದು ಯಾವುದು? ಕಡಬು! ಒಳಗೆ ಬೇಳೆ ಬೆಲ್ಲದ ಹೂರಣ ತುಂಬಿದ ಕಡಬು.

ಅವತ್ತು ಸೀಗಿ ಹುಣ್ಣಿಮೆ. ಮಳೆ ಮುಗಿದಿತ್ತು. ಚಳಿ ಇನ್ನೂ ಬಂದಿರಲಿಲ್ಲ. ಹೊಲದಲ್ಲಿ ಜೋಳ ತೆನೆ ಕಟ್ಟಿತ್ತು. ಅವತ್ತು ಭೂಮಿತಾಯಿ ಬಸುರಿ. ಆ ಊರಿನವರು ಅವಳನ್ನು ಭೂಮವ್ವ ಅಂತ ಕರೆಯುತ್ತಾರೆ. ಬಸುರಿಗೆ ಬಯಕೆ ಇರುತ್ತದಲ್ಲ? ಅದಕ್ಕೇ ಎಲ್ಲರೂ ಒಳ್ಳೊಳ್ಳೆ ಅಡುಗೆ ಮಾಡಿ, ಬುಟ್ಟಿ ತುಂಬಿ, ಹೊಲಕ್ಕೆ ಒಯ್ಯುತ್ತಾರೆ. ಮೊದಲ ತುತ್ತು ಭೂಮವ್ವನಿಗೆ. ಆಮೇಲೆ ನಮಗೆ. ಅಲ್ಲಿಯವರೆಗೆ ಯಾರೂ ಉಣ್ಣುವ ಹಾಗಿಲ್ಲ. ಬೆರಳು ನೆಕ್ಕುವ ಹಾಗೂ ಇಲ್ಲ. ನೀವು ಯಾರಾದರೂ ನೆಕ್ಕಿದ್ದೀರೇನು? ನಿಜ ಹೇಳಿ!

ಆ ಊರಲ್ಲಿ ಇನ್ನೊಂದು ರೂಢಿ. ಹುಣ್ಣಿಮೆಯ ದಿನ ಬರಿಗೈಗೆ ಯಾರೂ ಏನೂ ಕೊಡುವುದಿಲ್ಲ. ಒಂದು ತಾ, ಒಂದು ಒಯ್ಯಿ. ಹಾಗೆ ತಂದು, ಒಯ್ದು, ತಂದು, ಒಯ್ದು ಎಲ್ಲರ ಬುಟ್ಟಿಯೂ ತುಂಬುತ್ತದೆ.

ಆಯಿ ಬೇಳೆ ಬೇಯಿಸಿದಳು. ಹಿಟ್ಟು ನಾದಿದಳು. ಒಲೆ ಹೊತ್ತಿಸಿದಳು. ಇನ್ನು ಬೆಲ್ಲ. ಮನೆಯಲ್ಲಿ ಇದ್ದದ್ದು ಒಂದೇ ಹೆಂಟೆ ಬೆಲ್ಲ. ಆಯಿ ಅದನ್ನು ದ್ಯಾಮಿಯ ಕೈಗೆ ಕೊಟ್ಟಳು.

"ಕಟ್ಟಿ ಮ್ಯಾಲ ಕುಂತು ಇದನ್ನ ಕಾಯಿ, ನನ ಮಗಳ. ನಾ ಬೆಲ್ಲ ಕುಟ್ಟೂ ಕಲ್ಲು ತರತೀನಿ."

ದ್ಯಾಮಿ ಕಟ್ಟೆಯ ಮೇಲೆ ಕೂತಳು. ಬೆಲ್ಲ ಕಾದಳು. ಕಾದಳು. ಕಾದಳು. ಅಷ್ಟರಲ್ಲಿ ಜಡೆ ಬಿಚ್ಚಿತು. ಜಡೆ ಕಟ್ಟಲು ಎರಡು ಕೈ ಬೇಕು. ಬೆಲ್ಲವನ್ನು ಪಕ್ಕಕ್ಕೆ ಇಟ್ಟಳು. ಎರಡೂ ಕೈ ಜಡೆಗೆ ಹೋದವು. ಬೆಲ್ಲ ಕಾಯಲು ಮೂರನೆಯ ಕೈ ಎಲ್ಲಿಂದ ಬರಬೇಕು?

ಬರ್ರ್! ಕಾಗೆ ಬಂತು. ಬೆಲ್ಲ ಎತ್ತಿತು. ಬೇವಿನ ಮರದ ಮೇಲೆ ಹೋಗಿ ಕೂತಿತು.

"ಆಯಿ! ಬೆಲ್ಲ ಹೋತು!"

ಆಯಿ ಹೊರಗೆ ಬಂದಳು. ಕಟ್ಟೆ ನೋಡಿದಳು. ಮರ ನೋಡಿದಳು. ಬೈಯಲಿಲ್ಲ. ಅಂಗಡಿಗೆ ಹೋಗೋಣವೆಂದರೆ ಅಂಗಡಿಯವನೂ ಬೀಗ ಹಾಕಿ, ಹಬ್ಬದ ಬುಟ್ಟಿ ತುಂಬಲು ತನ್ನ ಮನೆಗೆ ಹೋಗಿದ್ದ.

"ಬೆಲ್ಲ ಇಲ್ಲದ ಕಡಬು ಭೂಮವ್ವಗ ಹೆಂಗ ಒಯ್ಯಲಿ?" ಅಂದಳು ಆಯಿ. ಗೋಡೆಗೆ ಒರಗಿ ಕೂತುಬಿಟ್ಟಳು. ಬೆಳಗಿನಿಂದ ಅವಳು ಒಂದು ಗುಟುಕು ನೀರೂ ಕುಡಿದಿರಲಿಲ್ಲ. ಭೂಮವ್ವ ಉಣ್ಣದೆ ಆಯಿ ನೀರು ಕುಡಿಯುವವಳೂ ಅಲ್ಲ. ಅವಳ ತುಟಿ ಒಣಗಿದ್ದವು.

ತಪ್ಪು ತನ್ನದು ಅಂತ ದ್ಯಾಮಿಗೆ ಗೊತ್ತಿತ್ತು.

"ಆಯಿ, ನೀ ಒಲಿ ಕಾಯಿ. ನಾ ಬೆಲ್ಲ ತರತೀನಿ," ಅಂದಳು.

ದ್ಯಾಮಿ ಓಡಿದಳು. ತಟ ತಟ ತಟ. ಬೇವಿನ ಮರದ ಕೆಳಗೆ ನಿಂತಳು.

"ಕಾಗಕ್ಕ, ಕಾಗಕ್ಕ, ಬೆಲ್ಲ ಕೊಡು.
ಬೆಲ್ಲ ಆಯಿಗೆ.
ಆಯಿ ಕಡಬು ಮಾಡತಾಳ.
ಕಡಬು ಭೂಮವ್ವಗ.
ಭೂಮವ್ವ ಉಂಡರ ನಾವೂ ಉಂಡೇವು!"

ಕಾಗೆ ಬೆಲ್ಲವನ್ನು ಕಾಲಡಿಗೆ ಒತ್ತಿ ಹಿಡಿಯಿತು. ಆಮೇಲೆ ಬಾಯಿ ತೆರೆಯಿತು. ಜಾಣ ಕಾಗೆ!

"ಕಾ! ಈ ಬೆಲ್ಲ ನನಗೂ ಬ್ಯಾಡವ್ವಾ. ಅಂಟತೈತಿ. ಎತ್ತಿದ ಮ್ಯಾಲ ಗೊತ್ತಾತು."

"ಹಂಗಾರ ಕೊಡು."

"ಬರಿಗೈಗೆ ಹೆಂಗ ಕೊಡಲಿ? ಇವತ್ತು ಹುಣ್ಣಿವಿ. ನನ್ನ ಗೂಡಿನಾಗೂ ಹಬ್ಬ ಐತಿ. ನನಗ ಸಜ್ಜಿ ರೊಟ್ಟಿ ಅಂದರ ಪ್ರೀತಿ. ಮ್ಯಾಲ ಎಳ್ಳು ಹಚ್ಚಿರಬೇಕು. ರೊಟ್ಟಿ ತಾ, ಬೆಲ್ಲ ಒಯ್ಯಿ."

ದ್ಯಾಮಿ ಓಡಿದಳು. ತಟ ತಟ ತಟ. ಊರಲ್ಲಿ ಒಳ್ಳೆ ರೊಟ್ಟಿ ಯಾರದು? ರಾಚವ್ವ ದೊಡ್ಡವ್ವನದು. ರಾಚವ್ವ ರೊಟ್ಟಿ ಬಡಿಯುತ್ತಿದ್ದಳು. ಪಟ ಪಟ ಪಟ.

"ದೊಡ್ಡವ್ವ, ದೊಡ್ಡವ್ವ, ರೊಟ್ಟಿ ಕೊಡು.
ರೊಟ್ಟಿ ಕಾಗಕ್ಕಗ.
ಕಾಗಕ್ಕ ಬೆಲ್ಲ ಕೊಡತಾಳ.
ಬೆಲ್ಲ ಆಯಿಗೆ.
ಆಯಿ ಕಡಬು ಮಾಡತಾಳ.
ಕಡಬು ಭೂಮವ್ವಗ.
ಭೂಮವ್ವ ಉಂಡರ ನಾವೂ ಉಂಡೇವು!"

ರಾಚವ್ವ ರೊಟ್ಟಿ ತಿರುವಿ ಹಾಕಿದಳು. ರೊಟ್ಟಿ ಬುಸ್ ಅಂತ ಉಬ್ಬಿತು.

"ಬರಿಗೈಗೆ ಹೆಂಗ ಕೊಡಲವ್ವಾ? ನಮ್ಮ ಮಾವನವರಿಗೆ ಬೆಣ್ಣಿ ಹಚ್ಚಿದ ರೊಟ್ಟಿ ಅಂದರ ಪ್ರೀತಿ. ಬೆಣ್ಣಿ ಇಲ್ಲಂದರ ಗಂಟಲದಾಗ ಇಳಿಯಂಗಿಲ್ಲ. ಬೆಣ್ಣಿ ತಾ, ರೊಟ್ಟಿ ಒಯ್ಯಿ."

ದ್ಯಾಮಿ ಓಡಿದಳು. ತಟ ತಟ ತಟ. ಊರಲ್ಲಿ ಒಳ್ಳೆ ಬೆಣ್ಣೆ ಯಾರದು? ಬಾಳವ್ವ ಚಿಗವ್ವನದು. ಬಾಳವ್ವ ಮಜ್ಜಿಗೆ ಕಡೆಯುತ್ತಿದ್ದಳು. ಗುಮ್ಮ ಗುಮ್ಮ ಗುಮ್ಮ.

"ಚಿಗವ್ವ, ಚಿಗವ್ವ, ಬೆಣ್ಣಿ ಕೊಡು.
ಬೆಣ್ಣಿ ದೊಡ್ಡವ್ವಗ.
ದೊಡ್ಡವ್ವ ರೊಟ್ಟಿ ಕೊಡತಾಳ.
ರೊಟ್ಟಿ ಕಾಗಕ್ಕಗ.
ಕಾಗಕ್ಕ ಬೆಲ್ಲ ಕೊಡತಾಳ.
ಬೆಲ್ಲ ಆಯಿಗೆ.
ಆಯಿ ಕಡಬು ಮಾಡತಾಳ.
ಕಡಬು ಭೂಮವ್ವಗ.
ಭೂಮವ್ವ ಉಂಡರ ನಾವೂ ಉಂಡೇವು!"

ಬಾಳವ್ವ ಕಡೆಗೋಲು ನಿಲ್ಲಿಸಿದಳು. ಬೆಣ್ಣೆ ತೇಲಿ ಬಂದಿತ್ತು. ಬೆಳ್ಳಗೆ, ದುಂಡಗೆ.

"ಬರಿಗೈಗೆ ಹೆಂಗ ಕೊಡಲಿ, ತಂಗಿ? ನಮ್ಮ ಹುಡುಗರು ಅವಳಿ ಜವಳಿ. ಇಬ್ಬರಿಗೂ ಶೇಂಗಾ ಹಿಂಡಿ ಅಂದರ ಪ್ರೀತಿ. ಹಿಂಡಿ ಇಲ್ಲಂದರ ಇಬ್ಬರೂ ಜೋಡೀಲೆ ಅಳತಾರ. ಒಬ್ಬನ್ನ ಸುಮ್ಮನ ಮಾಡಿದರ ಇನ್ನೊಬ್ಬ ಶುರು. ಹಿಂಡಿ ತಾ, ಬೆಣ್ಣಿ ಒಯ್ಯಿ."

ದ್ಯಾಮಿ ಓಡಿದಳು. ತಟ ತಟ ತಟ. ಊರಲ್ಲಿ ಒಳ್ಳೆ ಶೇಂಗಾ ಹಿಂಡಿ ಯಾರದು? ಹೊನ್ನಪ್ಪ ಕಾಕಾನದು. ಹೊನ್ನಪ್ಪ ಶೇಂಗಾ, ಬೆಳ್ಳುಳ್ಳಿ, ಕೆಂಪು ಖಾರ ಒಳಕಲ್ಲಿಗೆ ಹಾಕಿ ಕುಟ್ಟುತ್ತಿದ್ದ. ಧಮ್ಮ ಧಮ್ಮ ಧಮ್ಮ. ದೊಡ್ಡ ಮೀಸೆಯ ತುಂಬ ಖಾರ ಕೂತಿತ್ತು.

"ಕಾಕಾ, ಕಾಕಾ, ಹಿಂಡಿ ಕೊಡು.
ಹಿಂಡಿ ಚಿಗವ್ವಗ.
ಚಿಗವ್ವ ಬೆಣ್ಣಿ ಕೊಡತಾಳ.
ಬೆಣ್ಣಿ ದೊಡ್ಡವ್ವಗ.
ದೊಡ್ಡವ್ವ ರೊಟ್ಟಿ ಕೊಡತಾಳ.
ರೊಟ್ಟಿ ಕಾಗಕ್ಕಗ.
ಕಾಗಕ್ಕ ಬೆಲ್ಲ ಕೊಡತಾಳ.
ಬೆಲ್ಲ ಆಯಿಗೆ.
ಆಯಿ ಕಡಬು ಮಾಡತಾಳ.
ಕಡಬು ಭೂಮವ್ವಗ.
ಭೂಮವ್ವ ಉಂಡರ ನಾವೂ ಉಂಡೇವು!"

ಹೊನ್ನಪ್ಪ ಉತ್ತರ ಕೊಡಲು ಬಾಯಿ ತೆರೆದ. ಆಕ್ಷೀ! ಮೀಸೆಯ ಖಾರ ಮೂಗಿಗೆ ಹೋಗಿತ್ತು. ಮತ್ತೆ ಬಾಯಿ ತೆರೆದ. ಆಕ್ಷೀ! ಮೂರನೆಯ ಸಲ ಮೀಸೆ ಹಿಡಿದುಕೊಂಡು ಮಾತಾಡಿದ.

"ಬರಿಗೈಗೆ ಹೆಂಗ ಕೊಡಲವಾ? ನಮ್ಮವ್ವಗ ಪುಂಡಿಪಲ್ಯ ಅಂದರ ಪ್ರೀತಿ. ಹುಳಿ ಪಲ್ಯ ಜೋಡಿ ಇದ್ದರ ನನ್ನ ಹಿಂಡಿ ಮುಟ್ಟತಾಳ. ಇಲ್ಲಂದರ ಖಾರ ಅಂತ ಬೈತಾಳ. ಪಲ್ಯ ತಾ, ಹಿಂಡಿ ಒಯ್ಯಿ."

ಹೊತ್ತು ಏರುತ್ತಿತ್ತು. ಬೇರೆಯವರು ಬುಟ್ಟಿ ಹೊತ್ತು ಹೊಲದ ದಾರಿ ಹಿಡಿಯಲು ಸಿದ್ಧರಾಗುತ್ತಿದ್ದರು. ದ್ಯಾಮಿಗೆ ಆಯಿಯ ಒಣ ತುಟಿ ನೆನಪಾಯಿತು. ಇನ್ನೂ ಜೋರಾಗಿ ಓಡಿದಳು. ತಟ ತಟ ತಟ. ಊರಲ್ಲಿ ಒಳ್ಳೆ ಪುಂಡಿಪಲ್ಯ ಯಾರದು? ಪಾರಕ್ಕನದು. ಪಾರಕ್ಕ ಪುಂಡಿ ಸೊಪ್ಪು ತೊಳೆದಿದ್ದಳು. ಹೆಚ್ಚಿದ್ದಳು. ಕೈ ಕಟ್ಟಿಕೊಂಡು ಕೂತಿದ್ದಳು.

"ಪಾರಕ್ಕ, ಪಾರಕ್ಕ, ಪಲ್ಯ ಕೊಡು.
ಪಲ್ಯ ಕಾಕಾಗ.
ಕಾಕಾ ಹಿಂಡಿ ಕೊಡತಾನ.
ಹಿಂಡಿ ಚಿಗವ್ವಗ.
ಚಿಗವ್ವ ಬೆಣ್ಣಿ ಕೊಡತಾಳ.
ಬೆಣ್ಣಿ ದೊಡ್ಡವ್ವಗ.
ದೊಡ್ಡವ್ವ ರೊಟ್ಟಿ ಕೊಡತಾಳ.
ರೊಟ್ಟಿ ಕಾಗಕ್ಕಗ.
ಕಾಗಕ್ಕ ಬೆಲ್ಲ ಕೊಡತಾಳ.
ಬೆಲ್ಲ ಆಯಿಗೆ.
ಆಯಿ ಕಡಬು ಮಾಡತಾಳ.
ಕಡಬು ಭೂಮವ್ವಗ.
ಭೂಮವ್ವ ಉಂಡರ ನಾವೂ ಉಂಡೇವು!"

ಪಾರಕ್ಕ ಮೂಲೆಗೆ ಬೆರಳು ತೋರಿಸಿದಳು. ಅಲ್ಲಿ ಮಣ್ಣಿನ ಗಡಿಗೆ ಮೂರು ತುಂಡಾಗಿ ಬಿದ್ದಿತ್ತು. ಪಕ್ಕದಲ್ಲಿ ಬೆಕ್ಕು ಕೂತಿತ್ತು. ಏನೂ ಗೊತ್ತಿಲ್ಲದವರ ಹಾಗೆ ಕಾಲು ನೆಕ್ಕುತ್ತಿತ್ತು.

"ಎಲ್ಲಿ ಪಲ್ಯ, ನನ ತಂಗಿ? ನಮ್ಮ ಬೆಕ್ಕಿನ ಪ್ರತಾಪ ನೋಡು. ಹಿತ್ತಾಳಿ ಪಾತೇಲಿಯಾಗ ಹುಳಿ ಕುದಿಸಿದರ ಕಿಲುಬು ಬರತೈತಿ. ಪುಂಡಿಪಲ್ಯಕ್ಕ ಮಣ್ಣಿನ ಗಡಿಗೀನ ಬೇಕು. ಗಡಿಗಿ ತಾ, ಪಲ್ಯ ಒಯ್ಯಿ."

ದ್ಯಾಮಿ ಓಡಿದಳು. ತಟ ತಟ ತಟ. ಗಡಿಗೆ ಮಾಡುವವರು ಯಾರು? ಊರ ಹೊರಗಿನ ಕುಂಬಾರ ಗಿರಿಯಪ್ಪ ಮುತ್ಯಾ. ಅವನಿಗೆ ಆಯಿಯಷ್ಟೇ ವಯಸ್ಸು. ಗಿರಿಯಪ್ಪ ಮುತ್ಯಾ ಗಡಿಗೆ ಸುಡುವ ಆವಿಗೆಯ ಪಕ್ಕ ಸುಮ್ಮನೆ ಕೂತಿದ್ದ. ಆವಿಗೆ ಅಂದರೆ ಹಸಿ ಗಡಿಗೆಗಳನ್ನು ಒಟ್ಟಿ, ಹುಲ್ಲು ಹಾಕಿ, ಮೇಲೆ ಮಣ್ಣು ಮುಚ್ಚಿ ಬೆಂಕಿ ಇಡುವ ಒಲೆ. ಬೆಂಕಿ ಆರಿತ್ತು. ಗಡಿಗೆ ಸುಟ್ಟಿದ್ದವು. ಮಣ್ಣು ಮಾತ್ರ ಮುಚ್ಚಿಕೊಂಡೇ ಇತ್ತು.

ದ್ಯಾಮಿಗೆ ಏದುಸಿರು. ಆದರೂ ಒಂದನ್ನೂ ಬಿಡಲಿಲ್ಲ.

"ಮುತ್ಯಾ, ಮುತ್ಯಾ, ಗಡಿಗಿ ಕೊಡು.
ಗಡಿಗಿ ಪಾರಕ್ಕಗ.
ಪಾರಕ್ಕ ಪಲ್ಯ ಕೊಡತಾಳ.
ಪಲ್ಯ ಕಾಕಾಗ.
ಕಾಕಾ ಹಿಂಡಿ ಕೊಡತಾನ.
ಹಿಂಡಿ ಚಿಗವ್ವಗ.
ಚಿಗವ್ವ ಬೆಣ್ಣಿ ಕೊಡತಾಳ.
ಬೆಣ್ಣಿ ದೊಡ್ಡವ್ವಗ.
ದೊಡ್ಡವ್ವ ರೊಟ್ಟಿ ಕೊಡತಾಳ.
ರೊಟ್ಟಿ ಕಾಗಕ್ಕಗ.
ಕಾಗಕ್ಕ ಬೆಲ್ಲ ಕೊಡತಾಳ.
ಬೆಲ್ಲ ಆಯಿಗೆ.
ಆಯಿ ಕಡಬು ಮಾಡತಾಳ.
ಕಡಬು ಭೂಮವ್ವಗ.
ಭೂಮವ್ವ ಉಂಡರ ನಾವೂ ಉಂಡೇವು!"

ಗಿರಿಯಪ್ಪ ಮುತ್ಯಾ ನಕ್ಕ. ಆಮೇಲೆ ತಲೆ ಅಲ್ಲಾಡಿಸಿದ.

"ಕೈ ಕೆಸರಾದರ ಬಾಯಿ ಮೊಸರು ಅಂತಾರ. ನನ್ನ ಕೈ ಹುಟ್ಟಿದಾಗಿಂದ ಕೆಸರ. ಮೊಸರು ಎಲ್ಲಿ ಐತಿ ತೋರಸು! ಇರಲಿ. ನೀ ಏನೂ ತರೂದು ಬ್ಯಾಡ, ಕೂಸ. ಗಡಿಗಿ ಒಳಗ ಅದಾವ. ಮ್ಯಾಲ ಮಣ್ಣು ಐತಿ. ಮಣ್ಣು ಕೆದರಬೇಕು. ಭೂಮವ್ವ ಉಣ್ಣೂ ಮೊದಲ ಮಣ್ಣಿಗೆ ಸಲಿಕಿ ಹಾಕಂಗಿಲ್ಲ. ಬಸುರಿ ಹೆಂಗಸಿಗೆ ನೋವಾಗತೈತಿ. ಭೂಮವ್ವ ಉಣ್ಣಲಿ. ಆಮ್ಯಾಲ ಗಡಿಗಿ ಒಯ್ಯಿ."

ದ್ಯಾಮಿ ಓಡಿದಳು. ತಟ ತಟ ತಟ. ಭೂಮವ್ವ ಎಲ್ಲಿದ್ದಾಳೆ? ಕಾಲಡಿಗೇ ಇದ್ದಾಳೆ. ಆದರೂ ದ್ಯಾಮಿ ತಮ್ಮ ಹೊಲದವರೆಗೆ ಓಡಿದಳು. ಆಯಿ ಪ್ರತಿ ವರ್ಷ ಎಡೆ ಇಡುವ ಬನ್ನಿ ಗಿಡದ ಕೆಳಗೆ ನಿಂತಳು. ಸೂರ್ಯ ನೆತ್ತಿಯ ಮೇಲೆ ಬಂದಿದ್ದ.

"ಭೂಮವ್ವ, ಭೂಮವ್ವ, ನೀ ಉಣ್ಣು.
ನೀ ಉಂಡರ ಮುತ್ಯಾ ಗಡಿಗಿ ಕೊಡತಾನ.
ಗಡಿಗಿ ಪಾರಕ್ಕಗ.
ಪಾರಕ್ಕ ಪಲ್ಯ ಕೊಡತಾಳ.
ಪಲ್ಯ ಕಾಕಾಗ.
ಕಾಕಾ ಹಿಂಡಿ ಕೊಡತಾನ.
ಹಿಂಡಿ ಚಿಗವ್ವಗ.
ಚಿಗವ್ವ ಬೆಣ್ಣಿ ಕೊಡತಾಳ.
ಬೆಣ್ಣಿ ದೊಡ್ಡವ್ವಗ.
ದೊಡ್ಡವ್ವ ರೊಟ್ಟಿ ಕೊಡತಾಳ.
ರೊಟ್ಟಿ ಕಾಗಕ್ಕಗ.
ಕಾಗಕ್ಕ ಬೆಲ್ಲ ಕೊಡತಾಳ.
ಬೆಲ್ಲ ಆಯಿಗೆ.
ಆಯಿ ಕಡಬು ಮಾಡತಾಳ.
ಕಡಬು ಭೂಮವ್ವಗ.
ಭೂಮವ್ವ ಉಂಡರ..."

ದ್ಯಾಮಿ ನಿಂತುಬಿಟ್ಟಳು.

ಅಯ್ಯಯ್ಯೋ! ಭೂಮವ್ವ ಉಂಡರೆ ಗಡಿಗೆ. ಗಡಿಗೆ ಬಂದರೆ ಕಡಬು. ಕಡಬು ಬಂದರೆ ಭೂಮವ್ವ ಉಣ್ಣುವುದು. ಗಾಣದ ಎತ್ತಿನ ಹಾಗೆ ಸುತ್ತಿ ಸುತ್ತಿ ಅಲ್ಲಿಗೇ ಬಂತಲ್ಲ! ನೀವು ಆಗಲೇ ಗುರುತಿಸಿದ್ದಿರಾ? ಹೌದೇ? ಹಾಗಾದರೆ ಅವಳಿಗೆ ಮೊದಲೇ ಯಾಕೆ ಹೇಳಲಿಲ್ಲ?

ಇನ್ನು ಓಡಲು ದಾರಿ ಇರಲಿಲ್ಲ. ಕೇಳಲು ಯಾರೂ ಉಳಿದಿರಲಿಲ್ಲ. ದ್ಯಾಮಿ ಕರಿ ಮಣ್ಣಿನ ಮೇಲೆ ಕೂತಳು. ಅತ್ತಳು. ಬಿಕ್ಕಿ ಬಿಕ್ಕಿ ಅತ್ತಳು.

"ಯಾರದು ಅಳೂದು?"

ದನಿ ಕೆಳಗಿನಿಂದ ಬಂತು. ಮೆತ್ತಗಿತ್ತು. ದ್ಯಾಮಿ ಕಣ್ಣು ಒರೆಸಿಕೊಂಡಳು.

"ನಾನು. ದ್ಯಾಮಿ. ನನ್ನಿಂದ ಬೆಲ್ಲ ಹೋತು. ಕಡಬು ಇಲ್ಲ. ನೀ ಉಪಾಸ. ನಮ್ಮ ಆಯೀನೂ ಉಪಾಸ. ನಾ ಬರಿಗೈಲೆ ಬಂದೀನಿ, ಭೂಮವ್ವ. ಬೈಬ್ಯಾಡ."

ಭೂಮವ್ವ ನಕ್ಕಳು. ಹೊಲದ ಜೋಳವೆಲ್ಲ ಸರಸರ ಅಲುಗಾಡಿತು.

"ವರ್ಷ ತುಂಬ ನೀ ಬರಿಗೈಲೆ ಬರತಿ. ನಾ ಎಂದಾರ ನಿನ್ನ ಕೈ ನೋಡಿ ಕೊಟ್ಟೀನೇನು?"

ದ್ಯಾಮಿ ಯೋಚಿಸಿದಳು. ಇಲ್ಲ. ಒಂದು ಸಲವೂ ಇಲ್ಲ.

"ಹಂಗಾರ ಏನೇನ ಕೊಟ್ಟೆ, ಹೇಳು ನೋಡೂಣು. ನನಗ ಮರವು," ಅಂದಳು ಭೂಮವ್ವ.

ದ್ಯಾಮಿ ಬೆರಳು ಮಡಚಿ ಮಡಚಿ ಹೇಳಿದಳು.

"ಹೆಸರಕಾಳು ಕೊಟ್ಟಿ. ಉಸುಳಿ ಮಾಡಿದಿವಿ. ನಾ ಉಂಡೆ.
ಮೆಕ್ಕಿತೆನಿ ಕೊಟ್ಟಿ. ಕೆಂಡದಾಗ ಸುಟ್ಟಿವಿ. ನಾ ಉಂಡೆ.
ಸವತಿಕಾಯಿ ಕೊಟ್ಟಿ. ತೊಳೀಲೂ ಇಲ್ಲ. ನಾ ಉಂಡೆ.
ಶೇಂಗಾ ಕೊಟ್ಟಿ. ಉಡಿ ತುಂಬ ಕಟ್ಟಿಕೊಂಡೆ. ಯಾರಿಗೂ ಕೊಡಲಿಲ್ಲ. ನಾನ ಉಂಡೆ.
ಕಡಲಿ ಕೊಟ್ಟಿ. ಗೋಧಿ ಕೊಟ್ಟಿ. ಕಬ್ಬು ಕೊಟ್ಟಿ. ಆಯಿ ಕಡಬು ಮಾಡಿದಳು. ಹೋದ ವರ್ಷ ಆರು ಕಡಬು ನಾ ಉಂಡೆ."

ಬೆರಳು ಮುಗಿದವು. ಕೊಟ್ಟದ್ದು ಮುಗಿಯಲಿಲ್ಲ. ದ್ಯಾಮಿಗೆ ನಾಚಿಕೆಯಾಯಿತು. ಇಷ್ಟೆಲ್ಲ ಉಂಡಿದ್ದಳು. ಒಂದು ಮಾತು ಹೇಳಿರಲಿಲ್ಲ.

ಉಂಡವರು ಬಡಿಸಿದವರಿಗೆ ಏನು ಹೇಳಬೇಕು? ದ್ಯಾಮಿಗೆ ಗೊತ್ತಿತ್ತು. ದೊಡ್ಡವರು ಹೇಳುವುದನ್ನು ಕೇಳಿದ್ದಳು. ಅವಳು ಬಗ್ಗಿದಳು. ಎರಡೂ ಅಂಗೈ ಮಣ್ಣಿಗೆ ಊರಿದಳು. ಕೆನ್ನೆಯನ್ನೂ ಮಣ್ಣಿಗೆ ಇಟ್ಟಳು.

"ನಿನ್ನ ಹೊಟ್ಟಿ ತಣ್ಣಗಿರಲಿ, ಭೂಮವ್ವ," ಅಂದಳು.

ಗಾಳಿ ನಿಂತಿತು. ಜೋಳ ನಿಂತಿತು. ಆಮೇಲೆ ಕೆಳಗಿನಿಂದ ಒಂದು ದೊಡ್ಡ ಉಸಿರು ಬಂತು. ಉಂಡು ಎದ್ದವರು ಬಿಡುತ್ತಾರಲ್ಲ, ಅಂಥ ಉಸಿರು.

"ಹಾಂ! ಮೊದಲ ತುತ್ತು ಬಂತು ನೋಡು. ನಾ ಉಂಡೆ. ಕಡಬು ಹಿಂದಿಂದ ಬರಲಿ. ಹೋಗು, ನಿಮ್ಮ ಆಯಿ ಕಾಯತಾಳ."

ಸರ್ರ್! ಊರ ಹೊರಗೆ ಆವಿಗೆಯ ಮಣ್ಣು ಸರಿಯಿತು. ಯಾರೂ ಸಲಿಕೆ ಮುಟ್ಟಿರಲಿಲ್ಲ. ತಾನೇ ಸರಿಯಿತು. ಒಳಗೆ ಗಡಿಗೆಗಳು ಕೆಂಪಗೆ ಹೊಳೆದವು. ಗಿರಿಯಪ್ಪ ಮುತ್ಯಾ ಎದ್ದು ನಿಂತು ಕೂಗಿದ.

"ಭೂಮವ್ವ ಉಂಡಳೋ! ಭೂಮವ್ವ ಉಂಡಳು!"

ದ್ಯಾಮಿ ಓಡಿ ಬಂದಳು. ತಟ ತಟ ತಟ. ಮುತ್ಯಾ ಗಡಿಗೆ ಕೊಟ್ಟ. ಚೊಲೋದು ಆರಿಸಿ ಕೊಟ್ಟ.

"ನಿನ್ನ ಹೊಟ್ಟಿ ತಣ್ಣಗಿರಲಿ, ಮುತ್ಯಾ!"

"ಅಬ್ಬಾ! ಈ ಮಾತು ಕೇಳಿ ಭಾಳ ದಿನ ಆತು," ಅಂದ ಮುತ್ಯಾ.

ತಟ ತಟ ತಟ. ಗಡಿಗೆ ಪಾರಕ್ಕನಿಗೆ. ಗಡಿಗೆ ಒಲೆ ಏರಿತು. ಕೊತ ಕೊತ ಕೊತ. ಪಾರಕ್ಕ ಪಲ್ಯ ಕೊಟ್ಟಳು.

"ನಿನ್ನ ಹೊಟ್ಟಿ ತಣ್ಣಗಿರಲಿ, ಪಾರಕ್ಕ!"

ಪಾರಕ್ಕ ಇನ್ನೊಂದು ಸೌಟು ಹಾಕಿದಳು.

ತಟ ತಟ ತಟ. ಪಲ್ಯ ಕಾಕಾನಿಗೆ. ಕಾಕಾ ಹಿಂಡಿ ಕೊಟ್ಟ.

"ನಿನ್ನ ಹೊಟ್ಟಿ ತಣ್ಣಗಿರಲಿ, ಕಾಕಾ!"

"ಆಕ್ಷೀ!" ಅಂದ ಕಾಕಾ. ಖುಷಿಯಾದರೂ ಅವನಿಗೆ ಸೀನೇ ಬರುತ್ತಿತ್ತು.

ತಟ ತಟ ತಟ. ಹಿಂಡಿ ಚಿಗವ್ವನಿಗೆ. ಚಿಗವ್ವ ಬೆಣ್ಣೆ ಕೊಟ್ಟಳು.

"ನಿನ್ನ ಹೊಟ್ಟಿ ತಣ್ಣಗಿರಲಿ, ಚಿಗವ್ವ!"

ಅವಳಿ ಜವಳಿ ಹುಡುಗರು ಅಳುವುದು ಬಿಟ್ಟು ಅದನ್ನೇ ಕೂಗತೊಡಗಿದರು. ಜೋಡಿಯಾಗಿಯೇ ಕೂಗಿದರು.

ತಟ ತಟ ತಟ. ಬೆಣ್ಣೆ ದೊಡ್ಡವ್ವನಿಗೆ. ದೊಡ್ಡವ್ವ ರೊಟ್ಟಿ ಕೊಟ್ಟಳು. ಬಿಸಿ ಸಜ್ಜಿ ರೊಟ್ಟಿ. ಎಳ್ಳು ಹಚ್ಚಿದ್ದು.

"ನಿನ್ನ ಹೊಟ್ಟಿ ತಣ್ಣಗಿರಲಿ, ದೊಡ್ಡವ್ವ!"

"ನಿಂದೂ ತಣ್ಣಗಿರಲಿ, ನನ ಬಂಗಾರ. ಓಡು, ಹೊತ್ತಾತು," ಅಂದಳು ದೊಡ್ಡವ್ವ.

ತಟ ತಟ ತಟ. ರೊಟ್ಟಿ ಕಾಗೆಗೆ. ಕಾಗೆ ಕಾಲೆತ್ತಿತು. ಬೆಲ್ಲ ಕಾಲಿಗೆ ಅಂಟಿತ್ತು. ಕಾಲು ಜಾಡಿಸಿತು. ಒಂದು ಸಲ. ಎರಡು ಸಲ. ಮೂರನೆಯ ಸಲಕ್ಕೆ ಬೆಲ್ಲ ದ್ಯಾಮಿ ಒಡ್ಡಿದ ಲಂಗದೊಳಗೆ ತೊಪ್ಪನೆ ಬಿತ್ತು.

"ಒಂದು ಚೂರೂ ತಿಂದಿಲ್ಲ. ಭೂಮವ್ವ ಉಣ್ಣೂ ಮೊದಲ ನಾನೂ ಉಣ್ಣಂಗಿಲ್ಲ. ಕಾ!" ಅಂದಿತು ಕಾಗೆ.

"ನಿನ್ನ ಹೊಟ್ಟಿ ತಣ್ಣಗಿರಲಿ, ಕಾಗಕ್ಕ!"

ಬೆಲ್ಲ ಕದ್ದ ಕಾಗೆಗೂ ಹಾಗೆ ಹೇಳಬೇಕೇ? ಹೇಳಿದರೆ ಏನು ಹೋಗುತ್ತದೆ? ಕೊಟ್ಟದ್ದು ಕೊಟ್ಟದ್ದೇ.

ಈ ಸಲ ದ್ಯಾಮಿ ಬೆಲ್ಲವನ್ನು ಎರಡೂ ಕೈಯಲ್ಲಿ ಹಿಡಿದಳು. ಜಡೆ ಬಿಚ್ಚಿತು. ಬಿಚ್ಚಲಿ ಬಿಡು. ಬೆಲ್ಲ ಆಯಿಗೆ!

ಆಯಿ ಬೆಲ್ಲ ಕುಟ್ಟಿದಳು. ಹೂರಣ ಅರೆದಳು. ಕಡಬು ತುಂಬಿದಳು. ನೀರು ಕುದಿಯಿತು. ಕಡಬು ಬೆಂದವು. ಇಬ್ಬರೂ ಬುಟ್ಟಿ ಹೊತ್ತು ಹೊಲಕ್ಕೆ ನಡೆದರು. ಮುಂದೆ ಆಯಿ, ಹಿಂದೆ ದ್ಯಾಮಿ. ಅವರ ಹಿಂದೆ ಮುತ್ಯಾ, ಪಾರಕ್ಕ, ಕಾಕಾ, ಚಿಗವ್ವ, ದೊಡ್ಡವ್ವ. ಮೇಲೆ ಕಾಗೆ.

ಆಯಿ ಕಡಬು ಮುರಿದು ಹೊಲದ ತುಂಬ ಚೆಲ್ಲಿದಳು. ಎಲ್ಲರೂ ಒಟ್ಟಿಗೆ ಹೇಳಿದರು. ನೀವೂ ಹೇಳಿ. ಜೋರಾಗಿ!

ಭೂಮವ್ವ ಉಂಡಳು, ಮುತ್ಯಾ ಗಡಿಗಿ ಕೊಟ್ಟ.
ಮುತ್ಯಾ ಗಡಿಗಿ ಕೊಟ್ಟ, ಪಾರಕ್ಕ ಪಲ್ಯ ಕೊಟ್ಟಳು.
ಪಾರಕ್ಕ ಪಲ್ಯ ಕೊಟ್ಟಳು, ಕಾಕಾ ಹಿಂಡಿ ಕೊಟ್ಟ.
ಕಾಕಾ ಹಿಂಡಿ ಕೊಟ್ಟ, ಚಿಗವ್ವ ಬೆಣ್ಣಿ ಕೊಟ್ಟಳು.
ಚಿಗವ್ವ ಬೆಣ್ಣಿ ಕೊಟ್ಟಳು, ದೊಡ್ಡವ್ವ ರೊಟ್ಟಿ ಕೊಟ್ಟಳು.
ದೊಡ್ಡವ್ವ ರೊಟ್ಟಿ ಕೊಟ್ಟಳು, ಕಾಗಕ್ಕ ಬೆಲ್ಲ ಕೊಟ್ಟಳು.
ಕಾಗಕ್ಕ ಬೆಲ್ಲ ಕೊಟ್ಟಳು, ಆಯಿ ಕಡಬು ಮಾಡಿದಳು.
ಆಯಿ ಕಡಬು ಮಾಡಿದಳು, ಭೂಮವ್ವ ಮತ್ತೂ ಉಂಡಳು.
ಭೂಮವ್ವ ಉಂಡಳು, ನಾವೂ ಉಂಡಿವಿ!

ಬನ್ನಿ ಗಿಡದ ನೆರಳಲ್ಲಿ ಎಲ್ಲರೂ ಸಾಲಾಗಿ ಕೂತರು. ದ್ಯಾಮಿ ಓಡಿ ಹೋಗಿ ಚೊಂಬಿನ ನೀರು ತಂದಳು. ಆಯಿ ಗಟಗಟ ಕುಡಿದಳು. ಅವಳ ಮುಖಕ್ಕೆ ಕಳೆ ಬಂತು. ಆಮೇಲೆ ಆಯಿ ಬಡಿಸಿದಳು. ದ್ಯಾಮಿ ಉಂಡಳು. ಒಂದು ಕಡಬು. ಎರಡು ಕಡಬು. ಮೂರು ಕಡಬು. ನಾಲ್ಕನೆಯದಕ್ಕೆ ಕೈ ಹಾಕಿದವಳು ನಿಲ್ಲಿಸಿದಳು. ತಲೆ ಎತ್ತಿ ಆಯಿಯನ್ನು ನೋಡಿದಳು.

"ಆಯಿ."

"ಏನ, ನನ ಮಗಳ? ಬೆಲ್ಲ ಕಡಿಮಿ ಆಗೇತೇನು?"

"ನಿನ್ನ ಹೊಟ್ಟಿ ತಣ್ಣಗಿರಲಿ, ಆಯಿ."

ಆಯಿಯ ಕೈಯಲ್ಲಿ ಕಡಬು ಹಾಗೇ ನಿಂತಿತು. ಐವತ್ತು ವರ್ಷ ಅವಳು ಕಡಬು ಮಾಡಿದ್ದಳು. ಬೆಲ್ಲ ಹೆಚ್ಚಾಯಿತು ಅಂದವರಿದ್ದರು. ಬೇಳೆ ಗಟ್ಟಿ ಅಂದವರಿದ್ದರು. ಈ ಮಾತು ಯಾರೂ ಅಂದಿರಲಿಲ್ಲ. ಆಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ದ್ಯಾಮಿಯನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ಕೈಯಲ್ಲಿದ್ದ ಕಡಬನ್ನು ಎರಡು ತುಂಡು ಮಾಡಿದಳು. ಒಂದು ದ್ಯಾಮಿಯ ಬಾಯಿಗೆ. ಒಂದು ತನ್ನ ಬಾಯಿಗೆ.

ಇಬ್ಬರೂ ಮೆತ್ತಗೆ ಮೆಲ್ಲುತ್ತಾ ಕೂತರು. ಕಥೆ ಅವರ ಜೊತೆ ಹೊಲದಲ್ಲೇ ಕೂತಿತು. ನೀವು ಏಳಿ. ಒಳಗೆ ತಾಟು ಹಾಕಿದ್ದಾರೆ, ಕೈ ತೊಳೆದುಕೊಂಡು ಬನ್ನಿ.